ಊರಿಗೆ ಬೇಕು, ನಮ್ಮ ಓಣಿಗೆ ಬೇಡ

ಹೇಳಲು ನಾಚಿಕೆಯಾಗುವ ಜಾಗಗಳಿಗೆ ಎಲ್ಲ ಭಾಷೆಗಳೂ ಸುತ್ತುಬಳಸಿನ ಹೆಸರುಗಳನ್ನು ಇಟ್ಟುಕೊಂಡಿವೆ. ಕನ್ನಡದ ಹಳೆಯ ಮಾತು ಬಹಿರ್ದೆಸೆ. ಹೊರಗಿನ ದಿಕ್ಕು ಎಂದಷ್ಟೇ ಅದರ ಅರ್ಥ. ಬಯಲುಕಡೆ, ಕೆರೆಕಡೆ, ತಂಬಿಗೆ ತಗೊಂಡು ಹೋಗುವುದು ಇವೆಲ್ಲ ಅದೇ ಬಳಗದವು. ಈ ಮಾತುಗಳಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ, ಒಂದು ದಿಕ್ಕು ಮಾತ್ರ ಇದೆ. ಉರ್ದು ಶಾಲೆಯಲ್ಲಿ ನಾವು ಕಲಿತದ್ದು ಬೈತುಲ್ ಖಲಾ. ಏಕಾಂತದ ಮನೆ ಎಂದು ಅದನ್ನು ಬಿಡಿಸಬಹುದು. ನಮ್ಮ ನಾನಿ ಇನ್ನೂ ಹಳೆಯದೊಂದು ಮಾತನ್ನು ಆಡುತ್ತಿದ್ದರು: ಜಾಯೆ ಜರೂರ್. ಅಗತ್ಯದ ಜಾಗ. ಶೌಚಾಲಯ ಎಂಬ ಸರ್ಕಾರಿ ಪದಕ್ಕಿಂತ ನಾನಿಯ ಮಾತೇ ನಮಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಅಗತ್ಯ ಎಂದು ಒಪ್ಪಿಕೊಂಡ ಮೇಲೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಮನೆಯಿಂದ ಹೊರಗಿರುವ ಮನುಷ್ಯನ ಈ ಅಗತ್ಯ ಯಾರ ಹೊಣೆ?

ಹಸಿವು ಬಾಯಾರಿಕೆಗಳ ವಿಷಯದಲ್ಲಿ ನಮ್ಮ ಸಮಾಜ ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದೆ. ಅನ್ನಛತ್ರಗಳಿವೆ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವವರಿದ್ದಾರೆ. ಮೊಹರಂನಲ್ಲಿ ಸಬೀಲ್ ಹಾಕಿ ದಾರಿಹೋಕರಿಗೆ ಶರಬತ್ತು ಕುಡಿಸುತ್ತಾರೆ. ಕುಡಿಸಿದವನಿಗೆ ಪುಣ್ಯ, ಸವಾಬ್. ಆದರೆ ಕುಡಿದವನು ಒಂದು ಗಂಟೆಯ ನಂತರ ಎಲ್ಲಿಗೆ ಹೋಗಬೇಕು ಎಂಬುದನ್ನು ಪುಣ್ಯದ ಲೆಕ್ಕದಲ್ಲಿ ಯಾರೂ ಸೇರಿಸಲಿಲ್ಲ. ಬಸ್ ತಂಗುದಾಣದ ಮೇಲೆ, ನೀರಿನ ತೊಟ್ಟಿಯ ಮೇಲೆ, ಶಾಲೆಯ ಕೊಠಡಿಯ ಮೇಲೆ ದಾನಿಗಳ ಹೆಸರಿನ ಕಲ್ಲುಗಳನ್ನು ಓದಿದ್ದೇವೆ. ತೀರಿಹೋದ ತಂದೆಯ ಸವಿನೆನಪಿಗೆ ಪಾಯಖಾನೆ ಕಟ್ಟಿಸಿ ಹೆಸರು ಕೆತ್ತಿಸಿದ ಮಗನನ್ನು ನಾವಿನ್ನೂ ನೋಡಿಲ್ಲ.

ನಮ್ಮ ಊರಿನ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರಿದ್ದಾರೆ. ಒಂದು ಏಪ್ರಿಲ್ ಮಧ್ಯಾಹ್ನ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ ಕೂತಿದ್ದರು. ಅವರದೇ ತುಟಿ ಒಣಗಿ ಬಿರಿದಿತ್ತು. ಕುಡಿಯೋಕೆ ನೀರು ಇಟ್ಕೊಂಡಿಲ್ವಾ ಅಜ್ಜಿ ಎಂದು ಕೇಳಿದೆವು. "ಬೆಳಿಗ್ಗೆ ನಾಕಕ್ಕೆ ಮನೆ ಬಿಡೋವಾಗ ಒಂದು ಲೋಟ ಟೀ ಕುಡಿತೀನಿ ಬೂಬಮ್ಮ. ಆಮೇಲೆ ಮನೆ ಸೇರೋತನಕ ಬಾಯಿಗೆ ನೀರು ಹಾಕಂಗಿಲ್ಲ. ಕುಡಿದ್ರೆ ಎಲ್ಲಿಗೆ ಹೋಗ್ಲಿ?" ಎಂದರು. ದೂರಿನ ದನಿಯೇನೂ ಇರಲಿಲ್ಲ. ವ್ಯಾಪಾರದ ಒಂದು ನಿಯಮ ಹೇಳಿದಂತೆ ಹೇಳಿದರು.

ಈ ನಿಯಮ ಅವರೊಬ್ಬರದಲ್ಲ. ಬೆಳಗಿನ ಜಾವದಿಂದ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರು, ಬಂದೋಬಸ್ತಿಗೆ ನಿಂತ ಮಹಿಳಾ ಪೊಲೀಸರು, ಬಸ್ಸಿನ ಕಂಡಕ್ಟರ್ ಕೆಲಸದ ಹುಡುಗಿಯರು, ಮದುವೆ ಖರೀದಿಗೆಂದು ಹಳ್ಳಿಯಿಂದ ಪೇಟೆಗೆ ಬಂದ ತಾಯಂದಿರು ಎಲ್ಲರೂ ಇದನ್ನು ಪಾಲಿಸುತ್ತಾರೆ. ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡು ಬದುಕುವವರಿಗೆ ಮೂತ್ರನಾಳದ ಸೋಂಕು ಮತ್ತೆ ಮತ್ತೆ ಬರುತ್ತದೆಂದು ಯಾವ ಡಾಕ್ಟರಮ್ಮನನ್ನು ಕೇಳಿದರೂ ಹೇಳುತ್ತಾರೆ. ತಿಂಗಳ ಮೂರು ದಿನಗಳ ಪಾಡು ಬೇರೆ. ಸಕ್ಕರೆ ಕಾಯಿಲೆಯ ಗಂಡಸರಿಗೂ ಕಷ್ಟವಿದೆ, ಆದರೆ ಅವರಿಗೆ ಕೊನೆಗೆ ಒಂದು ಗೋಡೆಯಾದರೂ ಸಿಗುತ್ತದೆ. ಆ ಗೋಡೆಗಳನ್ನು ಉಳಿಸಿಕೊಳ್ಳಲು ಮಾಲೀಕರು ಕಂಡುಹಿಡಿದ ಉಪಾಯವನ್ನು ಓದುಗರು ನೋಡಿಯೇ ಇರುತ್ತೀರಿ. ಗಣಪತಿ, ಶಿಲುಬೆ, ಕಾಬಾದ ಚಿತ್ರಗಳಿರುವ ಟೈಲ್ಸ್‌ಗಳನ್ನು ಸಾಲಾಗಿ ಅಂಟಿಸಿಬಿಡುವುದು. ಸರ್ವಧರ್ಮ ಸಮನ್ವಯ ಇಷ್ಟು ನಿರಾತಂಕವಾಗಿ ನಡೆದಿರುವ ಇನ್ನೊಂದು ಜಾಗ ನಮ್ಮ ಪೇಟೆಗಳಲ್ಲಿ ಇರಲಾರದು.

ಸಮಾನತೆ ಎಂಬುದರ ಪರೀಕ್ಷೆಯೂ ಇಲ್ಲೇ ಆಗುತ್ತದೆ. ಗಂಡಸರಿಗೆ ಹತ್ತಡಿ, ಹೆಂಗಸರಿಗೆ ಹತ್ತಡಿ ಜಾಗ ಕೊಟ್ಟು ಗೋಡೆ ಎಬ್ಬಿಸಿದರೆ ನೋಡಲು ನ್ಯಾಯವಾಗಿಯೇ ಇರುತ್ತದೆ. ಗಂಡಸರ ಕಡೆ ನಿಂತು ಮುಗಿಸುವವರಿಗೆ ಐದಾರು ಜಾಗ ಹಿಡಿಸುತ್ತವೆ, ಹೆಂಗಸರ ಕಡೆ ಬಾಗಿಲಿರುವ ಎರಡು ಕೋಣೆ ಮಾತ್ರ. ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಸೀರೆಯನ್ನೋ ಬುರ್ಖಾವನ್ನೋ ಸಂಭಾಳಿಸುತ್ತ ಒಳಹೋಗುವವಳಿಗೆ ಸಮಯವೂ ಹೆಚ್ಚು ಬೇಕು. ಸ್ವಚ್ಛ ಭಾರತ ಯೋಜನೆಯ ನಗರ ವಿಭಾಗ ಸಾಮೂಹಿಕ ಶೌಚಾಲಯಗಳಿಗೆ 35 ಗಂಡಸರಿಗೊಂದು, 25 ಹೆಂಗಸರಿಗೊಂದು ಎಂಬ ಅಳತೆ ಇಟ್ಟದ್ದು ಇದೇ ಕಾರಣಕ್ಕೆ. ಕಾಗದದ ಮೇಲೆ ಈ ತಿಳಿವಳಿಕೆ ಇದೆ. ಬಸ್‌ಸ್ಟ್ಯಾಂಡಿನಲ್ಲಿ ಗಂಡಸರ ಮೂತ್ರಿ ಪುಕ್ಕಟೆ, ಹೆಂಗಸರ ಬಾಗಿಲಲ್ಲಿ ಮೇಜು ಹಾಕಿಕೊಂಡು ಚಿಲ್ಲರೆ ಕೇಳುವವನು ಇರುತ್ತಾನೆ. ಮುಂಬಯಿಯ ಹೆಂಗಸರು 2011ರಲ್ಲಿ ಇದನ್ನೇ ಎತ್ತಿಕೊಂಡು ಚಳವಳಿ ಹೂಡಿದರು. ಮೂತ್ರ ಮಾಡುವ ಹಕ್ಕು ಎಂದೇ ಅದಕ್ಕೆ ಹೆಸರಿಟ್ಟರು. ಆ ಹೆಸರು ಕೇಳಿ ನಕ್ಕವರು ಬಹಳ ಜನ.

ನಗು ಬರುವುದೇಕೆಂದರೆ ಇದನ್ನು ಹಕ್ಕು ಎಂದು ಕರೆಯುವ ಅಭ್ಯಾಸ ನಮಗಿಲ್ಲ. ಇದು ಒಂದೋ ಉಪಕಾರ, ಇಲ್ಲವೇ ವ್ಯಾಪಾರ. ಉಪಕಾರವೆಂದರೆ ಪರಿಚಯದ ಅಂಗಡಿಯವರ ಮನೆಯ ಹಿತ್ತಲಿಗೆ ತಲೆತಗ್ಗಿಸಿ ಹೋಗಿ ಬರುವುದು. ವ್ಯಾಪಾರವೆಂದರೆ ಹೋಟೆಲಿಗೆ ಹೋಗಿ ಬೇಡದ ಕಾಫಿ ತರಿಸಿಕೊಂಡು, ಕೈತೊಳೆಯುವ ನೆಪದಲ್ಲಿ ಒಳಗೆ ನುಗ್ಗುವುದು. ಆ ಕಾಫಿಯೇ ಮುಂದಿನ ಊರಿನಲ್ಲಿ ಇನ್ನೊಂದು ಹೋಟೆಲು ಹುಡುಕುವಂತೆ ಮಾಡುತ್ತದೆ ಎಂಬುದು ಬೇರೆ ಮಾತು. 2017ರಲ್ಲಿ ದಕ್ಷಿಣ ದೆಹಲಿಯ ಪಾಲಿಕೆ, ಹೋಟೆಲುಗಳು ತಮ್ಮ ಶೌಚಾಲಯವನ್ನು ಹೊರಗಿನವರಿಗೂ ತೆರೆಯಬೇಕು, ಬೇಕಿದ್ದರೆ 5 ರೂಪಾಯಿವರೆಗೆ ತೆಗೆದುಕೊಳ್ಳಬಹುದು ಎಂದು ಹೇಳಿತು. ಒಳ್ಳೆಯದೇ. ಆದರೆ ಬಾಗಿಲಲ್ಲಿ ನಿಂತ ಕಾವಲುಗಾರನ ಕಣ್ಣಿಗೆ ಸೊಪ್ಪಿನ ಅಜ್ಜಿ ಹೇಗೆ ಕಾಣುತ್ತಾರೆ ಎಂಬುದನ್ನು ಯಾವ ಆದೇಶವೂ ಬದಲಿಸುವುದಿಲ್ಲ. ವಿಶ್ವಸಂಸ್ಥೆಯ ಮಹಾಸಭೆ 2010ರಲ್ಲಿ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕೆಂದು ಒಪ್ಪಿತು. 2025ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು, ದೇಶದ ಎಲ್ಲ ನ್ಯಾಯಾಲಯಗಳ ಆವರಣದಲ್ಲಿ ಗಂಡಸರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು ಆದೇಶಿಸಿತು. ಇದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದು ಎಂದಿತು. ನ್ಯಾಯ ಕೇಳಿಕೊಂಡು ಬರುವವರಿಗೆ ನ್ಯಾಯದ ಅಂಗಳದಲ್ಲೇ ಇದು ಬೇಕೆಂದು ಹೇಳಲು ಇಷ್ಟು ವರ್ಷ ಹಿಡಿಯಿತು.

ಮೂರು ಕಡೆ ವಿಸರ್ಜನೆ ಮಾಡಿ ಜನರ ಶಾಪಕ್ಕೆ ಗುರಿಯಾಗಬೇಡಿ ಎಂದು ಪ್ರವಾದಿಯವರು ಎಚ್ಚರಿಸಿದ್ದನ್ನು ಮದರಸಾದ ಮಕ್ಕಳೂ ಬಲ್ಲರು. ನೀರಿನ ತಾಣ, ಜನ ನಡೆಯುವ ದಾರಿ, ಜನ ಕೂರುವ ನೆರಳು. ಇದನ್ನು ನಾವು ಯಾವಾಗಲೂ ಒಂದೇ ದಿಕ್ಕಿನಿಂದ ಓದುತ್ತೇವೆ: ಮಾಡುವವನು ಮಾಡಬಾರದು. ಇನ್ನೊಂದು ದಿಕ್ಕಿನಿಂದಲೂ ಓದಬೇಕೆಂದು ನಮಗನಿಸುತ್ತದೆ. ಏಳನೇ ಶತಮಾನದ ಮರುಭೂಮಿಯಲ್ಲಿ ದಾರಿ, ನೀರು, ನೆರಳು ಈ ಮೂರನ್ನು ಬಿಟ್ಟರೆ ಉಳಿದದ್ದೆಲ್ಲ ಬಯಲು. ಇಂದಿನ ಪೇಟೆಯಲ್ಲಿ ದಾರಿ, ನೆರಳು, ಚರಂಡಿ, ಯಾರದೋ ಕಾಂಪೌಂಡು ಇಷ್ಟನ್ನು ಬಿಟ್ಟರೆ ಏನೂ ಉಳಿದಿಲ್ಲ. ಎಲ್ಲ ಕಡೆಯೂ ಬೇಡ ಎಂದಾಗ, ಬೇಡ ಎಂದವನೇ ಎಲ್ಲಿ ಎಂಬುದನ್ನೂ ತೋರಿಸಬೇಕಾಗುತ್ತದೆ. ತಪ್ಪಿಸಿಕೊಳ್ಳುವ ದಾರಿಯನ್ನೇ ಕೊಡದೆ ಒಂದು ಕೆಲಸವನ್ನು ಅಪರಾಧವೆಂದು ಸಾರುವುದು ನೀತಿಯಲ್ಲ, ಅದು ಬಲಪ್ರಯೋಗ.

ಅದು ಬರಿಯ ಮಾತಿನ ಬಲಪ್ರಯೋಗವಾಗಿ ಉಳಿಯುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಭಾವಖೇಡಿ ಎಂಬ ಹಳ್ಳಿಯಲ್ಲಿ ಬೆಳಿಗ್ಗೆ ಹೊತ್ತು ಬಯಲಿಗೆ ಕೂತಿದ್ದ ಇಬ್ಬರು ದಲಿತ ಮಕ್ಕಳನ್ನು ಹೊಡೆದು ಕೊಂದರು. ದಾಖಲೆಗಳ ಪ್ರಕಾರ ಅದು ಬಯಲು ಶೌಚಮುಕ್ತ ಹಳ್ಳಿ. ಆ ಮಕ್ಕಳ ಮನೆಯಲ್ಲಿ ಶೌಚಾಲಯ ಇರಲಿಲ್ಲ. ಆಮೇಲೆ ಒಂದು ವಾರಕ್ಕೆ, ಅಕ್ಟೋಬರ್ 2ರಂದು, ಸಾಬರಮತಿಯ ದಂಡೆಯಲ್ಲಿ ದೇಶದ ಹಳ್ಳಿಗಳೆಲ್ಲ ಬಯಲು ಶೌಚದಿಂದ ಮುಕ್ತವಾದವೆಂದು ಘೋಷಣೆಯಾಯಿತು. ಐದು ವರ್ಷಗಳಲ್ಲಿ 10 ಕೋಟಿಗೂ ಹೆಚ್ಚು ಶೌಚಾಲಯಗಳನ್ನು ಕಟ್ಟಿದ ಲೆಕ್ಕವಿತ್ತು. ಅದು ಸಣ್ಣ ಕೆಲಸವೇನಲ್ಲ, ಅದನ್ನು ಅಲ್ಲಗಳೆಯುವ ಅಗತ್ಯವೂ ನಮಗಿಲ್ಲ. ಆದರೆ 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 19 ಮನೆಗಳು ಯಾವ ಶೌಚಾಲಯವನ್ನೂ ಬಳಸುತ್ತಿಲ್ಲವೆಂದು ಬಂತು. ಮನೆಯ ಲೆಕ್ಕವೇ ಹೀಗಿರುವಾಗ ಬೀದಿಯ ಲೆಕ್ಕವನ್ನು ಕೇಳುವವರಾರು?

ಇಲ್ಲಿ ನಮ್ಮ ಸಮುದಾಯದ ಬಗ್ಗೆಯೂ ಒಂದು ಮಾತು. ಮೈಕೆಲ್ ಜೆರುಸೋ ಮತ್ತು ಡೀನ್ ಸ್ಪಿಯರ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಭಾರತದ ಮುಸ್ಲಿಮರು ಸರಾಸರಿಯಲ್ಲಿ ಹಿಂದೂಗಳಿಗಿಂತ ಬಡವರು, ಆದರೂ ಅವರ ಹಸುಗೂಸುಗಳು ಬದುಕುಳಿಯುವ ಪ್ರಮಾಣ ಹೆಚ್ಚು. ಇದೇಕೆ ಎಂದು ಅವರು ಹುಡುಕಿದರು. ಮುಸ್ಲಿಮರು ಹೆಚ್ಚಾಗಿ ಶೌಚಾಲಯ ಬಳಸುತ್ತಾರೆ, ಅಂಥವರ ನೆರೆಹೊರೆಯಲ್ಲಿ ಬೆಳೆಯುವ ಕೂಸುಗಳು ರೋಗಕ್ಕೆ ಕಡಿಮೆ ಬಲಿಯಾಗುತ್ತವೆ ಎಂಬುದು ಅವರಿಗೆ ಸಿಕ್ಕ ಉತ್ತರ. ಮುಸ್ಲಿಮರು ಹೆಚ್ಚಿರುವ ಕಡೆ ಹಿಂದೂ ಮನೆಯ ಕೂಸಿಗೂ ಅದೇ ರಕ್ಷಣೆ ಸಿಗುತ್ತದೆ. ಇದನ್ನು ಕೆಲವರು ಹೆಮ್ಮೆಯ ಪ್ರಮಾಣಪತ್ರದಂತೆ ಓದಿ ಹೇಳುವುದನ್ನು ನಾವು ಕೇಳಿದ್ದೇವೆ. ನಮಗೆ ಅದರಲ್ಲಿ ಕಂಡದ್ದು ಬೇರೆ. ನನ್ನ ಮನೆಯ ಶೌಚಾಲಯ ಕಾಪಾಡುವುದು ಪಕ್ಕದ ಮನೆಯ ಕೂಸನ್ನು, ಪಕ್ಕದ ಮನೆಯದು ನನ್ನ ಕೂಸನ್ನು. ನೆರೆಯವರ ಹಕ್ಕು ಎಂದು ನಮ್ಮ ಮೌಲ್ವಿಗಳು ಪ್ರವಚನ ಮಾಡುತ್ತಾರಲ್ಲ, ಅದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕೆ? ಹೆಮ್ಮೆಪಡುವವರು ಹೆದ್ದಾರಿಯ ಬದಿಯ ಮಸೀದಿಗಳ ಮುಂದೆ ಒಂದು ಬಸ್ಸು ನಿಂತಾಗ ನೋಡಬೇಕು. ಗಂಡಸರೆಲ್ಲ ಇಳಿದು, ಯಾವ ಜಾತಿ ಎಂದು ಯಾರೂ ಕೇಳದೆ, ಒಳಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಾರೆ. ಆ ಮಟ್ಟಿಗೆ ಅದು ದೊಡ್ಡ ಸೇವೆ. ಹೆಂಗಸರು ಕಿಟಕಿಯಿಂದ ನೋಡುತ್ತ ಸೀಟಿನಲ್ಲೇ ಕೂತಿರುತ್ತಾರೆ.

ಹಾಗಾದರೆ ಕಟ್ಟಿಬಿಡಬಹುದಲ್ಲ? ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಸಂತೆಮೈದಾನದ ಸುತ್ತಮುತ್ತ ಒಂದು ಸಾರ್ವಜನಿಕ ಶೌಚಾಲಯ ಕಟ್ಟಬೇಕೆಂದು ಹಣ ಬಂದಿತ್ತು. ವಾರ್ಡಿನ ಜನರನ್ನು ಸೇರಿಸಿ ಸಭೆ ಮಾಡಿದರು. ಹೆಂಗಸರ ಅಭಿಪ್ರಾಯವೂ ಇರಲಿ ಎಂದು ನಮ್ಮನ್ನೂ ಕರೆದಿದ್ದರು. ಊರಿಗೆ ಶೌಚಾಲಯ ಬೇಡ ಎಂದವರು ಒಬ್ಬರೂ ಇರಲಿಲ್ಲ. ಇಷ್ಟು ಒಮ್ಮತದ ಸಭೆಯನ್ನು ನಾವು ಕಂಡಿರಲಿಲ್ಲ. ಜಾಗದ ಮಾತು ಬರುತ್ತಲೇ ಒಮ್ಮತ ಒಡೆಯಿತು. ಪೂರ್ವಕ್ಕೆ ಗುಡಿ ಇದೆ, ಪಶ್ಚಿಮಕ್ಕೆ ಮಸೀದಿ ಇದೆ, ಒಂದು ಕಡೆ ಶಾಲೆ, ಇನ್ನೊಂದು ಕಡೆ ಮಿಠಾಯಿ ಅಂಗಡಿ. ಮನೆಗಳಿರುವವರು ಮನೆಯ ಬೆಲೆ ಇಳಿಯುತ್ತದೆ ಎಂದರು. ಪ್ರತಿಯೊಬ್ಬರ ಬೆರಳೂ ತಮ್ಮಿಂದ ದೂರದ ದಿಕ್ಕನ್ನು ತೋರಿಸುತ್ತಿತ್ತು. ಬಹಿರ್ದೆಸೆ ಎಂದರೆ ಇದೇ ಇರಬೇಕು ಎಂದು ನಮಗೆ ಆಗ ಹೊಳೆಯಿತು.

ವಾಸನೆ ಬರುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ನೀರಿಲ್ಲದ, ಬೆಳಕಿಲ್ಲದ, ಚಿಲಕ ಕಿತ್ತುಹೋದ, ಆರು ತಿಂಗಳಿಗೇ ಬಾಗಿಲು ಮುಚ್ಚಿದ ಶೌಚಾಲಯಗಳನ್ನು ಎಲ್ಲರೂ ನೋಡಿದ್ದಾರೆ. ಕಟ್ಟಲು ಹಣ ಬರುತ್ತದೆ, ಉದ್ಘಾಟನೆಗೆ ಶಾಸಕರು ಬರುತ್ತಾರೆ, ದಿನಕ್ಕೆ ಮೂರು ಸಲ ತೊಳೆಯುವವರ ಸಂಬಳಕ್ಕೆ ಮಾತ್ರ ಯಾವ ಬಾಬತ್ತೂ ಇರುವುದಿಲ್ಲ. ಹೀಗಿರುವಾಗ ತಮ್ಮ ಕಿಟಕಿಯ ಕೆಳಗೆ ಅದು ಬೇಡ ಎನ್ನುವವರನ್ನು ಸ್ವಾರ್ಥಿಗಳೆಂದು ಬೈಯುವುದು ಸುಲಭ, ನ್ಯಾಯವಲ್ಲ. ಆದರೆ ಮಾತು ಬೆಳೆದಂತೆ ವಾಸನೆ ಹಿಂದೆ ಸರಿದು, "ಯಾರ್ಯಾರೋ ಬರ್ತಾರೆ" ಎಂಬುದು ಮುಂದೆ ಬಂತು. ಆ ಯಾರ್ಯಾರೋ ಯಾರು? ಸೊಪ್ಪಿನ ಅಜ್ಜಿ, ಹಮಾಲರು, ಆಟೋದವರು, ಬಳೆ ಮಾರುವವರು. ದಿನವೂ ನಮ್ಮ ಓಣಿಗೆ ಬರುವವರೇ. ಅವರು ತರುವ ಸೊಪ್ಪು ಬೇಕು, ಹೊರುವ ಮೂಟೆ ಬೇಕು, ಅವರ ದೇಹ ಬೇಡ. ಕಡೆಗೆ ಯಾರೂ ಆಕ್ಷೇಪಿಸದ ಒಂದು ಜಾಗ ಸಿಕ್ಕಿತು. ಸಂತೆಯಿಂದ ಅರ್ಧ ಮೈಲಿ ದೂರ, ದಲಿತರ ಕಾಲೊನಿಯ ಬಾಯಿಗೆ. ಆಕ್ಷೇಪ ಬರಲಿಲ್ಲ, ಏಕೆಂದರೆ ಆ ಕಾಲೊನಿಯವರನ್ನು ಸಭೆಗೆ ಕರೆದಿರಲಿಲ್ಲ. ಆ ಮಾತನ್ನು ಅಲ್ಲೇ ಎತ್ತಿದೆವು, ನಡಾವಳಿಯಲ್ಲಿ ಬರೆಸಿದೆವು. ಶೌಚಾಲಯ ಅಲ್ಲೇ ಎದ್ದಿತು. ಸಂತೆಯವರಾರೂ ಅಷ್ಟು ದೂರ ಅಂಗಡಿ ಬಿಟ್ಟು ಹೋಗುವುದಿಲ್ಲ.

ಒಂದು ವಸ್ತು ಎಲ್ಲರಿಗೂ ಬೇಕಾಗಿದ್ದು, ಅದರ ತೊಂದರೆ ಒಬ್ಬರ ಪಾಲಿಗೆ ಬರುವುದಾದರೆ ಆ ತೊಂದರೆ ಯಾರ ಪಾಲಿಗೆ ಬರಬೇಕು? ಈ ಪ್ರಶ್ನೆಯನ್ನು ನಮ್ಮ ಊರುಗಳು ನೂರಾರು ವರ್ಷಗಳ ಹಿಂದೆಯೇ ತೀರ್ಮಾನಿಸಿ, ಆ ತೀರ್ಮಾನಕ್ಕೆ ಜಾತಿ ಎಂದು ಹೆಸರಿಟ್ಟಿವೆ. ಜಾಗದ ವಿಷಯದಲ್ಲಿ ಹೀಗಾದರೆ ಕೆಲಸದ ವಿಷಯ ಇನ್ನೂ ಕರಾಳ. ಮಲ ಬಳಿಯುವವನಿಗೆ ಫಾರಸಿಯಲ್ಲಿ ಮೆಹ್ತರ್ ಎಂಬ ಹೆಸರಿತ್ತು. ಹಿರಿಯ, ನಾಯಕ ಎಂದು ಅದರ ಅರ್ಥ. ಹಲಾಲ್‌ಖೋರ್ ಎಂಬುದು ಇನ್ನೊಂದು, ನ್ಯಾಯವಾಗಿ ದುಡಿದು ಉಣ್ಣುವವನು. ಹೆಸರು ಎಷ್ಟು ಎತ್ತರವೋ ಕೂರಿಸಿದ ಜಾಗ ಅಷ್ಟೇ ತಗ್ಗು. ಉತ್ತರ ಭಾರತದಲ್ಲಿ ಹಲಾಲ್‌ಖೋರರೂ ಲಾಲ್‌ಬೇಗಿಗಳೂ ಕಲಿಮಾ ಓದುವವರೇ. ನಮ್ಮಲ್ಲಿ ಜಾತಿಯಿಲ್ಲ ಎನ್ನುವವರು ಅವರ ಮನೆಯ ಹೆಣ್ಣನ್ನು ಯಾರು ತಂದುಕೊಂಡಿದ್ದಾರೆಂದು ವಿಚಾರಿಸಲಿ.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ದೇಶದ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದ ಇನ್ನೊಂದು ಕಾನೂನು 2013ರಲ್ಲಿ. ಈ ಎರಡರ ನಡುವೆ, 2010ರ ಜುಲೈನಲ್ಲಿ, ನವಾಬರ ಊರಾಗಿದ್ದ ಸವಣೂರಿನಲ್ಲಿ ಭಂಗಿ ಕುಟುಂಬದವರು ಪುರಸಭೆಯ ಮುಂದೆ ನಿಂತು ಮೈಮೇಲೆ ಮಲ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಕಕ್ಕಸು ಬಳಿದ ಜನ ತಮ್ಮನ್ನು ವಾಸದ ಜಾಗದಿಂದ ಎಬ್ಬಿಸಬೇಡಿ ಎಂದು ಕೇಳಲು ಅವರಿಗೆ ಬೇರೆ ಭಾಷೆ ಉಳಿದಿರಲಿಲ್ಲ. ಪತ್ರಿಕೆಯಲ್ಲಿ ಆ ಚಿತ್ರ ನೋಡಿದ ದಿನ ಊರಿಗೆ ಊರೇ ಅಸಹ್ಯಪಟ್ಟಿತು. ಅಸಹ್ಯ ಯಾರ ಮೇಲೆ ಎಂಬುದನ್ನು ಹೆಚ್ಚಿನವರು ವಿಚಾರ ಮಾಡಿದಂತೆ ಕಾಣಲಿಲ್ಲ. ಗುಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಏರಿಸುವ ಪ್ರಮೇಯವೇ ಇರುತ್ತಿರಲಿಲ್ಲ.

ಮುಟ್ಟದೆ ಮುಗಿಯುವ ಉಪಾಯ ಇಲ್ಲವೆಂದಲ್ಲ. 1970ರಲ್ಲಿ ಸುಲಭ್ ಸಂಸ್ಥೆಯನ್ನು ಕಟ್ಟಿದ ಬಿಂದೇಶ್ವರ ಪಾಠಕ್ ಎರಡು ಗುಂಡಿಯ ಶೌಚಾಲಯವನ್ನು ಊರೂರಿಗೆ ಒಯ್ದರು. ಒಂದು ಗುಂಡಿ ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಎರಡು ವರ್ಷ ಬಿಟ್ಟರೆ ಮೊದಲನೆಯದರಲ್ಲಿ ಇರುವುದು ವಾಸನೆಯಿಲ್ಲದ ಗೊಬ್ಬರ. ಮನೆಯವರೇ ತೆಗೆದು ಗಿಡಕ್ಕೆ ಹಾಕಬಹುದು. ಆದರೆ ಡೀನ್ ಸ್ಪಿಯರ್ಸ್ ಮತ್ತು ಡಯೇನ್ ಕಾಫಿ 2017ರ ತಮ್ಮ ಪುಸ್ತಕದಲ್ಲಿ ವಿವರಿಸುವಂತೆ, ಹಳ್ಳಿಗಳಲ್ಲಿ ಜನ ಈ ಚಿಕ್ಕ ಗುಂಡಿಯನ್ನು ಒಲ್ಲರು. ಗೊಬ್ಬರವಾದರೂ ಅದನ್ನು ತೆಗೆಯುವುದು ತಮ್ಮ ಜಾತಿಯ ಕೆಲಸವಲ್ಲ. ಆ ಜಾತಿಯವರು ಇಂದು ಸರಿಯಾಗಿಯೇ ಬರಲೊಪ್ಪುವುದಿಲ್ಲ. ಆದ್ದರಿಂದ ಜನ್ಮವಿಡೀ ತುಂಬದಷ್ಟು ದೊಡ್ಡ ಗುಂಡಿ ಬೇಕು, ಇಲ್ಲವಾದರೆ ಬಯಲೇ ಲೇಸು. ಶೌಚಾಲಯದ ಅಭಾವವನ್ನು ಇಟ್ಟಿಗೆ ಸಿಮೆಂಟಿನ ಅಭಾವ ಎಂದುಕೊಂಡವರಿಗೆ ಈ ಗಂಟು ಅರ್ಥವಾಗುವುದಿಲ್ಲ. ತೊಳೆಯುವ ಕೆಲಸಕ್ಕೆ ಮರ್ಯಾದೆ ಮತ್ತು ಸಂಬಳ ಎರಡೂ ಬಂದ ದಿನ ಅದು ಯಾರ ಓಣಿಯಲ್ಲಿರಬೇಕು ಎಂಬ ಜಗಳದ ಅರ್ಧ ಮುಗಿಯುತ್ತದೆ ಎಂಬುದು ನಮ್ಮ ನಂಬಿಕೆ. ಕೈಗವಸು, ಬೂಟು, ಪಂಪು, ವಾರಕ್ಕೊಂದು ರಜೆ, ಭವಿಷ್ಯ ನಿಧಿ ಇವು ಆ ಮರ್ಯಾದೆಯ ಬಿಡಿ ಭಾಗಗಳು. ಹಾರ ಹಾಕಿ ಪಾದ ತೊಳೆಯುವುದು ಅದರಲ್ಲಿ ಸೇರುವುದಿಲ್ಲ.

ನಮ್ಮ ಮೊಹಲ್ಲಾದ ಮಸೀದಿಯ ಹಿಂದೆ, ಸಂತೆಯ ರಸ್ತೆಗೆ ತೆರೆಯುವಂತೆ ಎರಡು ಕೋಣೆಗಳಿವೆ. ಮಸೀದಿಯೊಳಗೆ ಕಾಲಿಡದೆ ಹೋಗಿ ಬರಬಹುದು. ಈಗ ಅವುಗಳಲ್ಲಿ ಹರಿದ ಜಮಖಾನೆಗಳೂ ಮುರಿದ ಮೈಕುಗಳೂ ಇವೆ. ಅವನ್ನು ಖಾಲಿ ಮಾಡಿ ಸಂತೆಯ ಹೆಂಗಸರಿಗೆ ಶೌಚಾಲಯ ಮಾಡಿಕೊಡಿ ಎಂದು ಓಣಿಯ ಇಪ್ಪತ್ತಮೂರು ಹೆಂಗಸರು ಸಹಿ ಹಾಕಿ ಕಮಿಟಿಗೆ ಅರ್ಜಿ ಕೊಟ್ಟೆವು. ಹೋದ ತಿಂಗಳು ಅದು ಚರ್ಚೆಗೆ ಬಂತೆಂದು ನಮ್ಮ ಮನೆಯವರು ಬಂದು ಹೇಳಿದರು. ನಾವು ಹೆದರಿದಂತೆ ಯಾರೂ ಧರ್ಮದ ಅಡ್ಡಿ ತೆಗೆಯಲಿಲ್ಲವಂತೆ. ನೀರಿಗೆ ಕೊಳವೆಬಾವಿ ಇದೆ, ಬಾಗಿಲಿಗೆ ಒಬ್ಬರು ಹಣ ಕೊಡುತ್ತೇನೆಂದರು. ತೊಳೆಯುವವರು ಯಾರು ಎಂದಾಗ, ಹೊರಗಿನಿಂದ ಯಾರನ್ನಾದರೂ ಕರೆಸೋಣ, ತಿಂಗಳಿಗೆ ಏನಾದರೂ ಕೊಟ್ಟರಾಯಿತು ಎಂದು ಒಬ್ಬರು ಅಂದರು. ಏನಾದರೂ ಅಂದರೆ ಎಷ್ಟು ಎಂದು ಕಮಿಟಿಯ ಹಿರಿಯರೊಬ್ಬರು ಕೇಳಿದರು. ದಿನಕ್ಕೆ ಮೂರು ಸಲ ತೊಳೆಯುವವರಿಗೆ, ದಿನಕ್ಕೆ ಐದು ಸಲ ಅಜಾನ್ ಕೊಡುವ ಮೋಜಿನ್ ಸಾಹೇಬರಷ್ಟಾದರೂ ಕೊಡಬೇಕಲ್ಲ ಎಂದರು. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ. ಮೋಜಿನ್‌ರ ಸಂಬಳವೇ ಎಷ್ಟಿದೆ ಎಂದು ಕೇಳಿ ಒಬ್ಬರು ನಕ್ಕರು. ಆ ನಗುವಿಗೆ ಮೋಜಿನ್ ಸಾಹೇಬರು ತಲೆ ತಗ್ಗಿಸಿದರು. ಎರಡೂ ಸಂಬಳದ ವಿಷಯವನ್ನು ಮುಂದಿನ ಜುಮ್ಮಾ ನಮಾಜಿನ ನಂತರ ಜಮಾತಿನ ಎಲ್ಲರ ಮುಂದಿಡಬೇಕೆಂದು ಹಿರಿಯರು ಪಟ್ಟು ಹಿಡಿದು ಪುಸ್ತಕದಲ್ಲಿ ಬರೆಸಿದ್ದಾರೆ.